ಆರು ವಿಷಯ, ನಾಲ್ಕು ದಿನದ ಅನ್ನ

ಪಾ ಕೂ ಆ ವಸಂತದಲ್ಲಿ ಆರು ವಿಷಯಗಳನ್ನು ತೆಗೆದುಕೊಂಡಿದ್ದಳು. ಫ್ರೆಸ್ನೋ ನಗರದ ಆ ಕಮ್ಯುನಿಟಿ ಕಾಲೇಜಿನಲ್ಲಿ ನಾಲ್ಕು ತೆಗೆದುಕೊಂಡವರು ಪೂರ್ಣಕಾಲದ ವಿದ್ಯಾರ್ಥಿಗಳೆನಿಸುತ್ತಿದ್ದರು. ಐದು ತೆಗೆದುಕೊಂಡವರನ್ನು ಶ್ರದ್ಧಾವಂತರೆನ್ನುತ್ತಿದ್ದರು. ಆರಕ್ಕೆ ಸಲಹೆಗಾರರ ರುಜು ಬೇಕಾಗುತ್ತಿತ್ತು. ರುಜು ಮಾಡಿದ ಹೆಂಗಸು, “ಮನೇಲಿ ಇದಕ್ಕೆ ಒಪ್ಪಿಗೆ ಇದೆಯೇನಮ್ಮ?” ಎಂದು ಕೇಳಿದಾಗ ಪಾ ಕೂ “ಇದೆ” ಎಂದಿದ್ದಳು. ಅದು ಸುಳ್ಳಾಗಿರಲಿಲ್ಲ. ಹಿಂದಿನ ಬೇಸಗೆಯಲ್ಲಿ, ಎಲ್ಲರೂ ಊಟಕ್ಕೆ ಕುಳಿತಿದ್ದಾಗ, ತಂದೆ ವಾ ಮೆಂಗ್ ಬಾಯಿಬಿಟ್ಟು ಹೇಳಿದ್ದ:

“ಎರಡು ವರ್ಷದ ಓದು ಒಂದೇ ವರ್ಷಕ್ಕೆ ಮುಗಿಸ್ತಾಳಂತೆ. ಮುಗಿಸಲಿ. ಈ ಒಂದು ವರ್ಷ ಅವಳಿಗೆ ಯಾರೂ ಅಡ್ಡ ಬರಬೇಡಿ.”

ಏಪ್ರಿಲ್ ಮೊದಲ ವಾರ ಉತ್ತರದ ವಿಶ್ವವಿದ್ಯಾಲಯದಿಂದ ಪತ್ರ ಬಂದಿತು. ಸೆಪ್ಟೆಂಬರಿನಲ್ಲಿ ನೇರವಾಗಿ ಮೂರನೆಯ ವರ್ಷಕ್ಕೆ ಪ್ರವೇಶ, ಜೊತೆಗೆ ವಿದ್ಯಾರ್ಥಿವೇತನ. ಆದರೆ ಮೇ ತಿಂಗಳೊಳಗೆ ಆರೂ ವಿಷಯಗಳಲ್ಲಿ ತೇರ್ಗಡೆಯಾಗಿರಬೇಕು. ಒಂದರಲ್ಲಿ ತಪ್ಪಿದರೂ, ಒಂದನ್ನು ಕೈಬಿಟ್ಟರೂ ಪ್ರವೇಶ ರದ್ದು. ಪಾ ಕೂ ಅದನ್ನು ಅಜ್ಜಿಗೆ ಬಿಡಿಸಿ ಹೇಳಿದಳು.

“ರದ್ದು ಅಂದ್ರೆ?”

“ಕೊಟ್ಟಿದ್ದನ್ನ ವಾಪಸ್ ತಗೋತಾರೆ ಅಜ್ಜಿ.”

“ಕೊಟ್ಟು ವಾಪಸ್ ಕೇಳ್ತಾರಾ? ಎಂಥಾ ಮಾನಗೆಟ್ಟ ಜನ!” ಎಂದು ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು.

ಮನೆಯ ದುಡಿಮೆ ಹಂಚಿಹೋಗಿತ್ತು. ವಾ ಮೆಂಗನೂ ಅವನ ಹೆಂಡತಿ ಯೂವಾಳೂ ಊರ ಹೊರಗಿನ ಗೇಣಿಯ ಹೊಲದಲ್ಲಿ ಬಟಾಣಿ, ಸಾಸಿವೆ ಸೊಪ್ಪು, ಕೊತ್ತಂಬರಿ, ಸ್ಟ್ರಾಬೆರಿ ಬೆಳೆದು ಶನಿವಾರದ ಸಂತೆಯಲ್ಲಿ ಮಾರುತ್ತಿದ್ದರು. ಹಿರಿಯ ಮಗ ಫೂ ಗೋದಾಮಿನಲ್ಲಿ ರಾತ್ರಿಪಾಳಿ ಮುಗಿಸಿ ಹಗಲು ಮಲಗುತ್ತಿದ್ದ. ಅಡಿಗೆ, ಬಟ್ಟೆ, ನಡೆಯಲಾರದ ಅಜ್ಜಿಯ ಸ್ನಾನ, ಹದಿನಾಲ್ಕು ತಿಂಗಳ ಹೆಣ್ಣುಕೂಸು, ಇವೆಲ್ಲ ಫೂನ ಹೆಂಡತಿ ಕಾ ಯಿಂಗಳ ಪಾಲಿಗೆ ಬಂದಿದ್ದವು. ಸಂಜೆಯ ಪಾತ್ರೆ ಮಾತ್ರ ಪಾ ಕೂಳದು. ಆ ವಸಂತದಲ್ಲಿ ಪಾತ್ರೆಗಳು ವಾರಕ್ಕೆ ಐದು ದಿನ ಸಿಂಕಿನಲ್ಲೇ ಉಳಿಯತೊಡಗಿದವು.

“ನಾದಿನಿ, ಹಂದಿಮಾಂಸದ ಪಾತ್ರೆ ತಳ ಒಣಗಿ ಕಲ್ಲಾಗಿದೆ,” ಎಂದು ಕಾ ಯಿಂಗ್ ಒಂದು ಬೆಳಿಗ್ಗೆ ಕೂಸನ್ನು ಸೊಂಟದ ಮೇಲಿಟ್ಟುಕೊಂಡೇ ಹೇಳಿದಳು. “ಉಳಿ ತಂದು ಕೆತ್ತಲಾ?”

“ನೆನೆಹಾಕಿಡಿ ಅತ್ತಿಗೆ, ಸಂಜೆ ಬಂದು ಉಜ್ತೀನಿ. ನಂಗೆ ಎಂಟಕ್ಕೆ ಲ್ಯಾಬು.”

“ನಿಂಗೆ ದಿನಾ ಎಂಟಕ್ಕೆ ಏನೋ ಒಂದು. ಜನ ನಾಲ್ಕು ವಿಷಯ ತಗೊಂಡು ಮನುಷ್ಯರ ಹಾಗೆ ಓದಲ್ವಾ? ಎರಡು ವರ್ಷ ಓದಿದ್ರೆ ಯಾರು ಬೇಡ ಅಂದ್ರು?”

“ನಿಧಾನಕ್ಕೆ ಓದಿದ್ರೆ ನಿಮ್ಮ ಹಾಗೇ ಆಗ್ತೀನಿ.”

ಮಾತು ಬಾಯಿಂದ ಜಾರಿದ ಮೇಲೆ ಪಾ ಕೂ ತುಟಿ ಕಚ್ಚಿಕೊಂಡಳು. ಕಾ ಯಿಂಗ್ ಅದೇ ಕಾಲೇಜಿನಲ್ಲಿ ದಾದಿಯ ಓದಿಗೆ ಸೇರಿದ್ದವಳು. ಒಂದು ಬಾರಿ ಎರಡು ವಿಷಯ, ಮುಂದಿನ ಬಾರಿ ಒಂದು. ಮದುವೆಯಾದ ಮೇಲೆ ಒಮ್ಮೆ ಒಂದು, ಒಮ್ಮೆ ಸೊನ್ನೆ. ಹೀಗೆ ಐದು ವರ್ಷ ಕಳೆದು ಮೂರು ವಿಷಯಗಳು ಉಳಿದಿದ್ದವು. ಅಜ್ಜಿಯ ಕಾಲು ಬಿದ್ದುಹೋದ ವರ್ಷ ಅವೂ ನಿಂತವು.

“ಹೌದು,” ಎಂದಳು ಕಾ ಯಿಂಗ್. “ನನ್ನ ಹಾಗೆ ಆಗ್ಬೇಡ. ನಿನ್ನ ಪಾತ್ರೆ ತೊಳೆಯೋಕೆ ಒಬ್ಬಳು ಬೇಕಲ್ಲ, ನಾನಿದ್ದೀನಿ.”

ಅಂದಿನಿಂದ ಇಬ್ಬರೂ ಕೂಸಿನ ನೆಪದಲ್ಲಲ್ಲದೆ ಮಾತನಾಡಲಿಲ್ಲ.

ಏಪ್ರಿಲ್ ಎರಡನೆಯ ವಾರ ನಾವ್ ಟೂವಾ ತೀರಿಕೊಂಡ. ಅವನು ವಾ ಮೆಂಗನ ದೊಡ್ಡಪ್ಪನ ಮಗ; ಬೆಟ್ಟನಾಡಿನಿಂದ ವಲಸೆ ಬಂದ ಅವರ ಮೂವಾ ಕುಲದಲ್ಲಿ ಎಲ್ಲರಿಗೂ ಹಿರಿಯ. ಮೃತನನ್ನು ಪೂರ್ವಿಕರ ಊರಿಗೆ ದಾರಿ ತೋರಿಸಿ ಕಳುಹಿಸುವ ವಿಧಿ ನಾಲ್ಕು ದಿನಗಳದು. ಮದ್ದಲೆಯೂ ಬಿದಿರಿನ ವಾದ್ಯವೂ ನಿಲ್ಲುವಂತಿಲ್ಲ. ಬಂದವರ ಎಲೆ ಬರಿದಾಗುವಂತಿಲ್ಲ. ಅಂಥ ನಾಲ್ಕು ದಿನಗಳಿಗೆ ಎಡೆಗೊಡುವ ಶವಸಂಸ್ಕಾರದ ಮಂದಿರಗಳು ಊರಿನಲ್ಲಿ ಬೆರಳೆಣಿಕೆಯಷ್ಟು. ಸರದಿ ಕಾಯಬೇಕು. ಐದು ವಾರಗಳ ನಂತರದ ಸರದಿ ಸಿಕ್ಕಿತು: ಮೇ ತಿಂಗಳ ಮೂರನೆಯ ಶುಕ್ರವಾರದಿಂದ ಸೋಮವಾರದವರೆಗೆ.

ಪಾ ಕೂ ಅಡಿಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತು ಆ ಸೋಮವಾರವನ್ನು ನೋಡಿದಳು. ಅಂದೇ ಪರೀಕ್ಷೆಗಳ ಮೊದಲ ದಿನ. ಬೆಳಿಗ್ಗೆ ಹತ್ತಕ್ಕೆ ರಸಾಯನಶಾಸ್ತ್ರ, ಮಧ್ಯಾಹ್ನ ಗಣಿತ. ಉಳಿದ ನಾಲ್ಕು ಗುರುವಾರದೊಳಗೆ.

“ಅಡುಗೆಗೆ ಹೇಗೂ ಜನ ಇರ್ತಾರೆ,” ಎಂದು ಯೂವಾ ಮಗಳಿಗೆ ಧೈರ್ಯ ಹೇಳಿದಳು. “ನೀನು ಶನಿವಾರ ಸಂಜೆ ಬಂದು ಹಣೆ ಮಣಿಸಿ ಹೋಗು, ಸಾಕು.”

ಸರದಿ ಗೊತ್ತಾದ ವಾರವೇ, ಭಾನುವಾರ, ವಾ ಮೆಂಗ್ ಸತ್ತವನ ಮನೆಗೆ ಹೋಗಿ ಮುಖ ಕೆಂಪಗೆ ಮಾಡಿಕೊಂಡು ಬಂದ. ಮೇಜಿನ ಮೇಲೆ ಬೇಯಿಸಿದ ಕೋಳಿಯೂ ಕಲ್ಲಿನಲ್ಲಿ ಕುಟ್ಟಿದ ಹಸಿಮೆಣಸಿನ ಗೊಜ್ಜೂ ಇದ್ದವು. ಅವನು ಅನ್ನಕ್ಕೆ ಕೈಹಾಕದೆ ಕುಳಿತ.

“ಅನ್ನದ ಹೊಣೆ ನಮಗೆ ಬಂದಿದೆ,” ಎಂದ. “ಸತ್ತವನ ಹಿರೀ ಮಗ ಮೊಣಕಾಲೂರಿ ಸಾರಾಯಿ ಕಪ್ ಹಿಡಿದ. ಕುಡಿದೆ.”

ಯೂವಾ ಬಡಿಸುವ ಕೈ ನಿಲ್ಲಿಸಿದಳು. “ಯಾರ ಹೆಸರಲ್ಲಿ?”

“ನಿನ್ನ ಹೆಸರಲ್ಲಿ. ಪಾ ಕೂ ಹೆಸರಲ್ಲಿ.”

“ನನ್ನನ್ನಾದ್ರೂ ಒಂದು ಮಾತು ಕೇಳಿದ್ರಾ?”

“ನಮ್ಮಪ್ಪ ಹೋದಾಗ ನಾಲ್ಕು ದಿನ ಯಾರು ಅನ್ನ ಬೇಯಿಸಿದ್ರು? ಈಗ ಹೋದ ಅಣ್ಣನ ಹೆಂಡ್ತಿ, ಅವನ ಮಗಳು. ಆ ಮಗಳಿಗೆ ಆಗ ಏಳು ತಿಂಗಳು, ಹೊಟ್ಟೆ ಹೊತ್ಕೊಂಡು ಅಕ್ಕಿ ತೊಳೆದಳು. ಈಗ ಅವನ ಮಗ ಹಣೆ ನೆಲಕ್ಕೆ ಮುಟ್ಟಿಸಿ ಕೇಳ್ತಾನೆ. ಮಗಳಿಗೆ ಪರೀಕ್ಷೆ ಇದೆ ಕಣಪ್ಪಾ ಅನ್ಲಾ?”

“ಅನ್ನಬೇಕಿತ್ತು,” ಎಂದಳು ಪಾ ಕೂ.

“ಏನಂದೆ?”

“ಅನ್ನಬೇಕಿತ್ತು ಅಂದೆ. ಸೋಮವಾರ ಎರಡು ಪರೀಕ್ಷೆ. ಅದಕ್ಕೆ ಮುಂಚಿನ ಮೂರು ದಿನ ನಾನು ಓದ್ಬೇಕು. ಒಂದರಲ್ಲಿ ಹೋದ್ರೂ ಎಲ್ಲಾ ಹೋಗುತ್ತೆ. ನಿಮಗೆ ಗೊತ್ತಿತ್ತು ಅಪ್ಪ.”

“ನಂಗೆ ಗೊತ್ತಿದ್ದಿದ್ದು ಒಂದೇ, ಎಲ್ಲರೂ ನನ್ನ ಮುಖ ನೋಡ್ತಿದ್ರು ಅಂತ.”

ಮೂವಾ ಕುಲದಲ್ಲಿ ಆ ಬಟ್ಟಲನ್ನು ಕುಡಿದ ಮನೆಗೆ ಹಿಂದಡಿ ಇಲ್ಲ. ದೇವರ ಮುಂದೆ ಇಟ್ಟ ನುಡಿಗಿಂತ ಅದು ಕಡಿಮೆಯದಲ್ಲ. ಅದನ್ನು ಮುರಿದ ಮನೆಯಲ್ಲಿ ಮುಂದೆ ಸಾವಾದಾಗ ಬಾಗಿಲಿಗೆ ಯಾರೂ ಬರುವುದಿಲ್ಲ. ವಾ ಮೆಂಗನ ತಾಯಿಗೆ ಎಂಬತ್ತಾರು. ಅವನು ತಾಯಿಯ ಕಡೆಗೆ ಒಮ್ಮೆ ನೋಡಿದ. ಅಷ್ಟು ನೋಡಿದ್ದನ್ನು ಎಲ್ಲರೂ ಕಂಡರು. ಮುದುಕಿ ಮಾತ್ರ ಕೋಳಿಯ ಕುತ್ತಿಗೆಯನ್ನು ಚೀಪುತ್ತಿದ್ದಳು.

ಮುಂದಿನ ವಾರಗಳಲ್ಲಿ ಪರೀಕ್ಷೆಯ ದಿನವನ್ನು ಬದಲಿಸುವ ಯತ್ನ ನಡೆಯಿತು. ಕಾಲೇಜಿನ ನಮೂನೆಯಲ್ಲಿ ಸಾವಿನ ಕಾರಣಕ್ಕೆ ವಿನಾಯಿತಿ ಇತ್ತು. ಪಾ ಕೂ ಅದನ್ನು ತಂದು ತಂದೆಯ ಮುಂದಿಟ್ಟಳು.

“ತಂದೆ, ತಾಯಿ, ಅಜ್ಜ, ಅಜ್ಜಿ, ಒಡಹುಟ್ಟಿದವರು. ಇಷ್ಟೇ ಇರೋದು. ಅಪ್ಪನ ದೊಡ್ಡಪ್ಪನ ಮಗ ಅಂತ ಇಲ್ಲ.”

“ತಂದೆ ಅಂತ ಬರಿ. ನಮ್ಮಲ್ಲಿ ಅವನು ನಿಂಗೆ ತಂದೆ ಸಮಾನವೇ.”

“ಸಮಾನ ಅಂತ ಬರೆಯೋಕೆ ಜಾಗ ಇಲ್ಲ. ಸಾವಿನ ಪ್ರಕಟಣೆ ತೋರಿಸಿ ಅಂತಾರೆ. ಅದರಲ್ಲಿ ಮಕ್ಕಳ ಹೆಸರು ಒಂಬತ್ತಿದೆ, ನನ್ನದಿಲ್ಲ.”

“ಹತ್ತನೇದು ಮರೆತ್ರು ಅನ್ನು.”

“ತಮಾಷೇನಾ ಇದು?” ಎಂದು ಪಾ ಕೂ ಚೀರಿದಳು. ಹಗಲು ನಿದ್ದೆಯಲ್ಲಿದ್ದ ಫೂ ಒಳಗಿನಿಂದ ಗೋಡೆ ಗುದ್ದಿದ.

ರಸಾಯನದ ಅಧ್ಯಾಪಕನು ಕರುಣೆಯಿಂದಲೇ ಕೇಳಿಕೊಂಡು, ಒಬ್ಬರಿಗೆ ಬದಲಿಸಿದರೆ ಮೂವತ್ತು ಜನಕ್ಕೆ ಬದಲಿಸಬೇಕಾಗುತ್ತದೆ ಎಂದ. ನಮೂನೆ ಫ್ರಿಜ್ಜಿನ ಬಾಗಿಲಿನ ಮೇಲೆ ಅಯಸ್ಕಾಂತದಡಿಯಲ್ಲಿ ಉಳಿಯಿತು.

ಸಂಜೆಗಳಲ್ಲಿ ಹೆಂಗಸರು ಕುಳಿತು ಸತ್ತವನ ದಾರಿಖರ್ಚಿಗೆಂದು ಸುಡಬೇಕಾದ ಹೊನ್ನು–ಬೆಳ್ಳಿ ಕಾಗದಗಳನ್ನು ದೋಣಿಯಾಕಾರಕ್ಕೆ ಮಡಿಸತೊಡಗಿದರು. ಪಾ ಕೂ ಒಂದು ಕೈಯಲ್ಲಿ ಮಡಿಸುತ್ತ, ಮೊಣಕಾಲಿನ ಮೇಲಿನ ಪುಸ್ತಕವನ್ನು ಓದುತ್ತಿದ್ದಳು.

“ಎಡಗಡೆ ಅಂಚು ಒಳಗೆ,” ಎಂದಳು ಅಜ್ಜಿ. “ಹೀಗೆ ಮಡಿಸಿದ್ರೆ ಅವನ ದುಡ್ಡು ದಾರಿಯಲ್ಲೇ ಸುರಿದುಹೋಗುತ್ತೆ.”

“ಅವಳ ಕೈ ಇಲ್ಲಿದೆ, ಮನಸ್ಸು ಉತ್ತರಕ್ಕೆ ಹೋಗಿಬಿಟ್ಟಿದೆ ಅಜ್ಜಿ,” ಎಂದಳು ಕಾ ಯಿಂಗ್.

“ಮನಸ್ಸು ಹೋಗಿದ್ರೆ ಹೋಗಲಿ,” ಎಂದ ವಾ ಮೆಂಗ್ ಬಾಗಿಲಲ್ಲಿ ನಿಂತು. “ಶುಕ್ರವಾರದಿಂದ ಸೋಮವಾರದ ತನಕ ಕೈ ಇಲ್ಲೇ ಇರಲಿ.”

ಪಾ ಕೂ ಎದ್ದು ಪುಸ್ತಕ ಮುಚ್ಚಿದಳು. “ನಾನು ಬರಲ್ಲ ಅಪ್ಪ. ಈಗಲೇ ಹೇಳ್ತಿದ್ದೀನಿ. ಆಮೇಲೆ ಹೇಳಲಿಲ್ಲ ಅನ್ಬೇಡಿ.”

“ಬರದಿದ್ರೆ ಈ ಮನೆಗೂ ಬರಬೇಡ.”

“ರೀ!” ಎಂದಳು ಯೂವಾ.

ಅಂದು ಯಾರೂ ಒಟ್ಟಿಗೆ ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಯೂವಾ ಹೊಲದಲ್ಲಿ ಬಟಾಣಿ ಕೊಯ್ಯುತ್ತ ಒಬ್ಬಳೇ ಲೆಕ್ಕ ಹಾಕಿದಳು: ನಾಲ್ಕು ದಿನ, ದಿನಕ್ಕೆ ಆರು ನೂರು ಮಂದಿ, ಇಬ್ಬರು ಹೆಂಗಸರ ಕೆಲಸ. ಮಗಳ ಪಾಲನ್ನೂ ತಾನೇ ಮಾಡುತ್ತೇನೆಂದು ಗಂಡನಿಗೆ ಹೇಳಿದಳು. ಅವನು ಒಪ್ಪಲಿಲ್ಲ. ಬಟ್ಟಲಲ್ಲಿ ಎರಡು ಹೆಸರಿದ್ದವು. ಒಲೆಯ ಮುಂದೆ ಎರಡು ಜೋಡಿ ಕೈಗಳು ಕಾಣಬೇಕು.

ಶವಕರ್ಮಕ್ಕೆ ಎರಡು ದಿನವಿರುವಾಗ, ಬುಧವಾರ, ಎಲ್ಲರ ಹೊಣೆಯನ್ನು ಕೊನೆಯ ಬಾರಿ ಓದಿ ಹೇಳಲು ಕುಲದ ಹಿರಿಯರು ಸತ್ತವನ ಮನೆಯಲ್ಲಿ ಸೇರುವವರಿದ್ದರು. ವಾ ಮೆಂಗ್ ಅಂಗಿ ಬದಲಿಸಿ ಹೊರಡುವಾಗ ಕಾ ಯಿಂಗ್ ಕೂಸನ್ನು ಅಜ್ಜಿಯ ಮಡಿಲಲ್ಲಿ ಕೂರಿಸಿ ಅವನೆದುರು ಬಂದು ನಿಂತಳು. ಸೊಸೆಯಾಗಿ ಬಂದ ಮೂರು ವರ್ಷಗಳಲ್ಲಿ ಅವಳು ಮಾವನ ದಾರಿಗೆ ಹಾಗೆ ಅಡ್ಡ ನಿಂತದ್ದಿಲ್ಲ.

“ಮಾವ, ಪಾ ಕೂ ಬದಲು ನಾನು ನಿಲ್ತೀನಿ. ಒಂದೇ ಮನೆಯವರು, ಹೆಸರು ಬದಲಿಸಬಹುದು. ಹಿರಿಯರನ್ನ ಕೇಳಿದ್ದೀನಿ.”

“ನೀನೂ ಬಂದ್ರೆ ಆ ಶನಿವಾರ ಸಂತೆಗೆ ಯಾರು? ನಮ್ಮಮ್ಮನ್ನ ಯಾರು ನೋಡ್ತಾರೆ?”

“ಒಂದು ಶನಿವಾರ ಸೊಪ್ಪು ಮಾರದಿದ್ರೆ ಏನೂ ಆಗಲ್ಲ. ಅಜ್ಜಿನೂ ಕೂಸನ್ನೂ ನಿಮ್ಮ ಮಗ ನೋಡ್ಕೊಳ್ಳಲಿ. ನಾಲ್ಕು ದಿನ ರಜಾ ಹಾಕಲಿ.”

“ನಾನಾ?” ಎಂದ ಫೂ. “ಅಜ್ಜಿಗೆ ಸ್ನಾನ ಮಾಡಿಸೋಕೆ ನಂಗೆ ಬರಲ್ವಲ್ಲ!”

“ನಿನ್ನ ಕೈಲಿ ಸ್ನಾನ ಬೇಡ, ನಾಲ್ಕು ದಿನ ಹಾಗೇ ನಾರ್ತೀನಿ,” ಎಂದಳು ಅಜ್ಜಿ.

ವಾ ಮೆಂಗ್ ಕಾರಿನ ಬೀಗದಕೈ ಎತ್ತಿಕೊಂಡ. “ಒಳ್ಳೇದಾಯ್ತಮ್ಮ. ಹಾಗೇ ಆಗಲಿ.”

“ಇನ್ನೂ ಮುಗಿದಿಲ್ಲ ಮಾವ. ಆಗಸ್ಟಲ್ಲಿ ನಾನು ಕಾಲೇಜಿಗೆ ಹೋಗ್ತೀನಿ. ಉಳಿದ ಮೂರೂ ವಿಷಯ, ಒಟ್ಟಿಗೆ.”

“ಪಾ ಕೂ ಇರಲ್ಲ, ನೀನೂ ಇರಲ್ಲ. ಮನೆ?”

“ಅದನ್ನ ನೀವೆಲ್ಲ ಕೂತು ಯೋಚನೆ ಮಾಡಿ.”

ವಾ ಮೆಂಗ್ ಗಡಿಯಾರ ನೋಡಿದ. “ಆಯ್ತು, ಹೋಗು.”

“ಸಾಲದು.”

“ಇನ್ನೇನು ಬೇಕು? ಮಾತು ಕೊಟ್ಟೆ.”

“ಪಾ ಕೂಗೂ ಇದೇ ಮೇಜಲ್ಲಿ ಕೂತು ಮಾತು ಕೊಟ್ರಿ. ಒಂದು ವರ್ಷ ಯಾರೂ ಅಡ್ಡ ಬರಬೇಡಿ ಅಂದ್ರಿ. ನಾನೇ ಅನ್ನ ಬಡಿಸ್ತಿದ್ದೆ, ಕೇಳಿಸ್ಕೊಂಡೆ. ಆಮೇಲೆ ಆಚೆ ಹೋಗಿ ಕಪ್ ಕುಡಿದು ಬಂದ್ರಿ. ಮನೆ ಒಳಗೆ ಕೊಟ್ಟಿದ್ದು ನಿಮಗೆ ಮಾತಲ್ಲ ಮಾವ. ಆಚೆ ಕುಡಿದಿದ್ದು ಮಾತ್ರ ಮಾತು. ನಂದೂ ಅಲ್ಲೇ ಕುಡೀರಿ, ಹಿರಿಯರ ಮುಂದೆ.”

ಫೂ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದ. ಯೂವಾ ಒಲೆಯ ಕಡೆ ತಿರುಗಿ ನಿಂತಳು; ಅವಳ ಮುಖ ಯಾರಿಗೂ ಕಾಣಲಿಲ್ಲ. ವಾ ಮೆಂಗ್ ಬಾಗಿಲ ಹಿಡಿಗೆ ಕೈಹಾಕಿದ.

“ನಾಲ್ಕು ಜನರ ಮುಂದೆ ಸೊಸೆ ಹೇಳಿದ ಹಾಗೆ ಕುಣಿದ ಅನ್ನಿಸ್ಕೋಬೇಕಾ ನಾನು?”

“ಹಾಗಾದ್ರೆ ಶುಕ್ರವಾರ ಒಲೆ ಮುಂದೆ ಅತ್ತೆ ಒಬ್ಬರೇ ಇರ್ತಾರೆ. ಆಗ ಜನ ಏನಂತಾರೆ ಅನ್ನೋದನ್ನೂ ನೋಡಿ.”

ಅವನು ಬಾಗಿಲನ್ನು ಬಡಿದುಕೊಂಡು ಹೊರಟುಹೋದ. ಎರಡು ಗಂಟೆಗಳ ಮೇಲೆ ಸತ್ತವನ ಹಿರಿಯ ಸೊಸೆ ಯೂವಾಳಿಗೆ ಫೋನು ಮಾಡಿದಳು. ಬಟ್ಟಲಿನ ಹೆಸರು ಬದಲಾಗಿದೆ. ಜೊತೆಗೆ ವಾ ಮೆಂಗ್ ತಾನೇ ಇನ್ನೊಂದು ಬಟ್ಟಲು ಕೇಳಿ, ಸೊಸೆಯ ಓದಿನ ವಿಷಯ ಹೇಳಿ ಕುಡಿದನಂತೆ. ಹಿರಿಯರಲ್ಲಿ ಒಬ್ಬ ನಕ್ಕನಂತೆ, ಉಳಿದವರು ನಗಲಿಲ್ಲವಂತೆ. ಯೂವಾ ಅದನ್ನು ಕಾ ಯಿಂಗಳಿಗೆ ತಿಳಿಸಿದಳು. ಪಾ ಕೂ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತಳು.

“ಅತ್ತಿಗೆ…”

“ನಿನಗೋಸ್ಕರ ಅಲ್ಲ,” ಎಂದಳು ಕಾ ಯಿಂಗ್ ಕೂಸಿನ ಮೂಗು ಒರೆಸುತ್ತ. “ಹೋಗಿ ಓದು. ಫೇಲಾಗಿಬಿಟ್ಟೀಯ, ನನ್ನ ನಾಲ್ಕು ದಿನ ದಂಡ ಆಗುತ್ತೆ.”

ಶುಕ್ರವಾರದಿಂದ ಅತ್ತೆ ಸೊಸೆಯರು ಮಂದಿರದ ಹಿಂದಿನ ಅಡಿಗೆಮನೆಯಲ್ಲಿ ನಿಂತರು. ಮೂಟೆಮೂಟೆ ಅಕ್ಕಿ ನೆನೆಯಿತು, ಬೆಂದಿತು, ತೀರಿತು. ಮದ್ದಲೆಯ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮಾವನೊಂದಿಗೆ ವಾದಿಸಿದ ಸೊಸೆಯನ್ನು ನೋಡಲೆಂದೇ ಕೆಲವು ಹೆಂಗಸರು ಅನ್ನ ಕೇಳುವ ನೆಪದಲ್ಲಿ ಒಳಗೆ ಬಂದು ಹೋದರು. ಶನಿವಾರ ಸಂಜೆ ಪಾ ಕೂ ಬಂದು, ಶವದ ಮುಂದೆ ವಿಧಿಯಂತೆ ಹಣೆ ಮಣಿಸಿ, ಅಡಿಗೆಮನೆಯ ಬಾಗಿಲಿನವರೆಗೆ ಬಂದಳು. ಕಾ ಯಿಂಗಳ ಮುಂಗೈ ಹಬೆ ತಾಗಿ ಕೆಂಪಾಗಿತ್ತು. ಪಾ ಕೂ ಸೌಟಿಗೆ ಕೈನೀಡಿದಳು.

“ಮುಟ್ಟಬೇಡ,” ಎಂದಳು ಕಾ ಯಿಂಗ್. “ಮುಟ್ಟಿದ್ರೆ ಇದು ನಿನ್ನ ಕೆಲಸ ಆಗುತ್ತೆ.”

ವಾ ಮೆಂಗ್ ಹೊರಗೆ ಕಾರುಗಳ ನಡುವೆ ಮಗಳನ್ನು ತಡೆದು ನಿಲ್ಲಿಸಿದ.

“ಅನ್ನದ್ದು ಆಯ್ತು. ಸೋಮವಾರ ಮಣ್ಣಿಗೆ ಇಡೋವಾಗ ನೀನಿರಬೇಕು. ಬೆಳಿಗ್ಗೆ ಹತ್ತೂವರೆಗೆ.”

“ಹತ್ತಕ್ಕೆ ಪರೀಕ್ಷೆ.”

“ಒಂದು ಹಿಡಿ ಮಣ್ಣು ಪಾ ಕೂ. ಒಂದೇ ಹಿಡಿ. ಮಾತಿನ ಮೇಲೆ ಮಾತು ಆಡದೆ ಬಂದು ಹಾಕು.”

“ಪರೀಕ್ಷೆ ಮುಗಿಸಿ ಬರ್ತೀನಿ ಅಪ್ಪ.”

“ಮುಗಿದ ಮೇಲೆ ಬಂದ್ರೆ ನೋಡೋಕೆ ಯಾರಿರ್ತಾರೆ?”

ಸೋಮವಾರ ಪಾ ಕೂ ಹತ್ತು ಗಂಟೆಗೆ ಪರೀಕ್ಷೆಗೆ ಕುಳಿತಳು. ಹನ್ನೆರಡಕ್ಕೆ ಎದ್ದು ಸ್ಮಶಾನಕ್ಕೆ ಕಾರು ಓಡಿಸಿದಳು. ಮಣ್ಣು ಮುಚ್ಚಿಯಾಗಿತ್ತು. ಹಸಿರು ಹುಲ್ಲುಹಾಸಿನ ಸುರುಳಿಗಳನ್ನು ಕೆಲಸಗಾರರು ಇಳಿಸುತ್ತಿದ್ದರು. ಕುಲದವರು ಕಾರುಗಳ ಕಡೆ ನಡೆಯುತ್ತಿದ್ದರು. ಅವಳನ್ನು ದಾಟಿ ಹೋದವರಲ್ಲಿ ಯಾರೂ ನಿಲ್ಲಲಿಲ್ಲ. ತಂದೆ ಅವಳ ಮುಂದೆಯೇ ಹೋದ. ಸತ್ತವನ ಹೆಂಡತಿ ಮಾತ್ರ ನಿಂತು, “ಊಟ ಮಾಡಿದ್ಯಾ?” ಎಂದು ಕೇಳಿದಳು. ಇಲ್ಲವೆಂದು ಪಾ ಕೂ ತಲೆಯಾಡಿಸಿದಳು. “ಇನ್ನೇನೂ ಉಳಿದಿಲ್ಲಮ್ಮ,” ಎಂದು ಮುದುಕಿ ಸಂಕೋಚದಿಂದ ಹೇಳಿ ಮುಂದೆ ನಡೆದಳು. ಎರಡು ಗಂಟೆಗೆ ಗಣಿತವಿತ್ತು. ಪಾ ಕೂ ಹಸಿದುಕೊಂಡೇ ಬರೆದಳು.

ಜೂನ್ ಮೊದಲ ವಾರ ಫಲಿತಾಂಶ ಬಂದಿತು. ಆರರಲ್ಲೂ ತೇರ್ಗಡೆ. ರಸಾಯನದಲ್ಲಿ ಮಾತ್ರ ಕೂದಲೆಳೆಯಷ್ಟರಲ್ಲಿ. ಯೂವಾ ಕೋಳಿ ಕೊಯ್ದಳು. ಅಜ್ಜಿ ಮೊಮ್ಮಗಳ ಮುಂಗೈಗೆ ಬಿಳಿಯ ದಾರ ಕಟ್ಟಿ ಅವಳ ಆತ್ಮ ದಾರಿತಪ್ಪದೆ ಇರಲೆಂದು ಹರಸಿದಳು. ವಾ ಮೆಂಗ್ ಹೊಲದಿಂದ ತಡವಾಗಿ ಬಂದ.

ಅವನು ಬೇಸಗೆಯುದ್ದಕ್ಕೂ ಮಗಳೊಡನೆ ಮಾತನಾಡಲಿಲ್ಲ. ಹೇಳಬೇಕಾದದ್ದನ್ನು ಹೆಂಡತಿಯ ಮೂಲಕ ಹೇಳಿಸುತ್ತಿದ್ದ. “ನಲ್ಲಿ ನಿಲ್ಲಿಸೋಕೆ ಅವಳಿಗೆ ಹೇಳು.” “ಅವಳ ಕಾರಿಗೆ ಎಣ್ಣೆ ಬದಲಿಸಿದ್ದೀನಿ ಅಂತ ಹೇಳು.” ಪಾ ಕೂ ದಿನವೂ ನಸುಕಿನಲ್ಲಿ ಹೊಲಕ್ಕೆ ಹೋಗಿ ಅವನ ಪಕ್ಕದ ಸಾಲಿನಲ್ಲೇ ಅಲಸಂದೆ ಕೊಯ್ದಳು.

ಆಗಸ್ಟಿನಲ್ಲಿ ಕಾ ಯಿಂಗ್ ಕಾಲೇಜಿಗೆ ಸೇರಿದಳು. ಮನೆ ಅಸ್ತವ್ಯಸ್ತವಾಯಿತು. ಫೂ ಬೇಯಿಸಿದ ಅನ್ನ ಒಂದು ದಿನ ಗಂಜಿಯಾಯಿತು, ಮರುದಿನ ಅಕ್ಕಿಯಾಗಿಯೇ ಉಳಿಯಿತು. ಅಜ್ಜಿ ಕೊನೆಗೂ ಅವನ ಕೈಯಲ್ಲೇ ಸ್ನಾನ ಮಾಡಿಸಿಕೊಂಡು, “ಕಾರು ತೊಳೆದ ಹಾಗೆ ತೊಳೀತಾನೆ” ಎಂದು ಬಂದವರಿಗೆಲ್ಲ ದೂರು ಹೇಳಿದಳು. ವಾ ಮೆಂಗ್ ಎರಡು ಬಾರಿ ಬಾಯಿ ತೆರೆದು, ಕುಡಿದ ಬಟ್ಟಲನ್ನು ನೆನೆದು ಸುಮ್ಮನಾದ.

ಸೆಪ್ಟೆಂಬರಿನ ಒಂದು ಶನಿವಾರ ಪಾ ಕೂ ಹೊರಡುವ ದಿನ. ಸಂತೆಯೂ ಅಂದೇ. ಬೆಳಗಿನ ಗಂಜಿಗೆ ಎಲ್ಲರೂ ಮೇಜಿಗೆ ಕುಳಿತಿದ್ದರು. ಕಾ ಯಿಂಗಳ ಪುಸ್ತಕ ತಟ್ಟೆಯ ಪಕ್ಕದಲ್ಲಿ ತೆರೆದಿತ್ತು.

“ಅಲ್ಲಿ ಎಷ್ಟು ವಿಷಯ ತಗೊಂಡಿದ್ದಾಳೆ ಕೇಳು,” ಎಂದ ವಾ ಮೆಂಗ್.

“ಎದುರಿಗೇ ಕೂತಿದ್ದಾಳೆ. ನೀವೇ ಕೇಳಿ,” ಎಂದಳು ಯೂವಾ. “ನಂಗೆ ಸಾಕಾಗಿದೆ.”

ಅವನು ಚಮಚವನ್ನು ಗಂಜಿಯಲ್ಲಿ ಎರಡು ಸುತ್ತು ತಿರುಗಿಸಿದ. ಮಗಳ ಕಡೆ ನೋಡದೆ ಕೇಳಿದ:

“ಎಷ್ಟು?”

“ನಾಲ್ಕು.”

“ನಾಲ್ಕೇ? ಇಲ್ಲಿ ಆರು ತಗೊಂಡೋಳು?”

“ಅಲ್ಲಿಂದ ಬೇಗ ಹೊರಡೋ ಆತುರ ಇಲ್ವಲ್ಲ ಅಪ್ಪ.”

ಕಾ ಯಿಂಗ್ ಪುಸ್ತಕದಿಂದ ತಲೆಯೆತ್ತಿದಳು. ಯೂವಾ ಕೂಸಿನ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಹಿಡಿದುಕೊಂಡೇ ಕುಳಿತಳು. ವಾ ಮೆಂಗ್ ಉಣ್ಣದೆ ಎದ್ದು ಅಂಗಳಕ್ಕೆ ಹೋದ.

ಪಾ ಕೂ ಅವನ ಹಿಂದೆ ಹೋದಳು. ಟ್ರಕ್ಕಿಗೆ ಇನ್ನೂ ಹಾಗಲಕಾಯಿಯ ಪೆಟ್ಟಿಗೆಗಳು ಏರಬೇಕಾಗಿದ್ದವು. ಅವಳು ಒಂದನ್ನು ಎತ್ತಿಕೊಂಡು ಬಂದಾಗ ಅವನು ಎರಡೂ ಕೈಚಾಚಿ ಅದನ್ನು ಅವಳಿಂದ ತೆಗೆದುಕೊಂಡ.

“ಬಿಡು,” ಎಂದ. “ನೀನು ಹೋಗೋಳು.”